ತೀರ್ಪು ಸಿಗದ ಜಾಡಿ

ಬಾಟಲಿಯ ಮುಚ್ಚಳ ತೆಗೆದ ಕೂಡಲೇ ಮೊದಲು ಬಂದದ್ದು ಲವಂಗದ ವಾಸನೆ. ಅದರ ಹಿಂದೆ ಬೆಲ್ಲ. ಆಮೇಲೆ, ಕರಿ ಒಣದ್ರಾಕ್ಷಿ ಬಹಳ ಕಾಲ ಕತ್ತಲೆಯಲ್ಲಿದ್ದು ಬೇರೆ ಏನೋ ಆಗಿಬಿಟ್ಟಾಗ ಬರುವ ಆ ಘಮ… ರೊಟ್ಟಿ ಬಡಿಯುತ್ತಿದ್ದ ನನ್ನ ಕೈಗೆ ಇನ್ನೂ ಹಿಟ್ಟು ಅಂಟಿತ್ತು.

ಪಕ್ಕದ ಮನೆಯ ಪಂಡಿತರು ತಮ್ಮ ಔಷಧದ ಅಂಗಡಿ ಖಾಲಿ ಮಾಡುತ್ತಿದ್ದರು. ಬೆಳಿಗ್ಗೆ ಬಂದು ಆ ಬಾಟಲಿಯನ್ನು ನಮ್ಮ ಕಟ್ಟೆಯ ಮೇಲಿಟ್ಟು, "ಕಡೀ ಜಾಡಿದು. ಚಲೋ ಐತೋ ಕೆಟ್ಟೈತೋ ನನಗ ತಿಳಿವಲ್ದು. ನೀವೊಂದು ಚಮಚ ಬಾಯಾಗ ಹಾಕ್ಕೊಂಡು ನೋಡ್ರಿ, ಸಂಜೀಗೆ ಕೇಳ್ತೀನಿ" ಎಂದು ಹೋಗಿದ್ದರು.

ಚಲೋ, ಕೆಟ್ಟದ್ದು ಎಂಬ ಮಾತು ಹೇಳಬೇಕಾಗಿದ್ದವಳು ಅವರ ಅಕ್ಕ. ನಾನು ಆಕೆಯನ್ನು ದೊಡ್ಡವ್ವ ಎನ್ನುತ್ತಿದ್ದೆ.

ನಾನು ಲಿಂಗಸುಗೂರಿಗೆ ಸೊಸೆಯಾಗಿ ಬಂದಾಗ ಪಂಡಿತರು ಒಣದ್ರಾಕ್ಷಿ, ಬೆಲ್ಲ ಹುದುಗಿಸಿ ಮಾಡುವ ದ್ರಾಕ್ಷಾರಿಷ್ಟವೆಂಬ ಔಷಧವನ್ನು ಮನೆಯಲ್ಲೇ ಮಾಡುತ್ತಿದ್ದರು. ಹಿತ್ತಲ ಕೋಣೆಯಲ್ಲಿ ಸಿಂಧನೂರಿನ ಅಕ್ಕಿ ಗಿರಣಿಯಿಂದ ತರಿಸಿದ ಹೊಟ್ಟಿನ ರಾಶಿ. ಅದರಲ್ಲಿ ಕುತ್ತಿಗೆಯವರೆಗೆ ಹೂತ ಎಂಟು ಹತ್ತು ಜಾಡಿಗಳು, ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತಿದವು. ಅದೇ ದ್ರಾಕ್ಷಿ, ಅದೇ ಬೆಲ್ಲ, ಅದೇ ಅಳತೆ. ಆದರೂ ಒಂದು ಜಾಡಿಯಂತೆ ಇನ್ನೊಂದು ಆಗುತ್ತಿರಲಿಲ್ಲ. ಯಾವುದನ್ನು ಸೋಸಿ ಇಳಿಸಬೇಕು, ಯಾವುದನ್ನು ಇನ್ನೂ ಬಿಡಬೇಕು, ಯಾವುದನ್ನು ಚೆಲ್ಲಬೇಕು ಎಂಬುದನ್ನು ನಾಲಿಗೆಯೇ ಹೇಳಬೇಕು. ಪಂಡಿತರಿಗೆ ನಶ್ಯದ ಚಟ. ಅವರ ಮೂಗು ಎಂದೋ ಸತ್ತಿತ್ತು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ದೊಡ್ಡವ್ವನ ನಾಲಿಗೆ ಆ ಮನೆಯನ್ನು ನಡೆಸುತ್ತಿತ್ತು.

ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ, ಬೆಚ್ಚನೆ ನೀರು ಮುಕ್ಕಳಿಸಿ, ಆಕೆ ಬೆಳ್ಳಿ ಚಮಚ ಹಿಡಿದು ಕೂಡುತ್ತಿದ್ದಳು. ಒಂದು ಹನಿ ಬಾಯಿಗೆ, ಕಣ್ಣು ಮುಚ್ಚಿ ಒಂದು ಗಳಿಗೆ, ಮತ್ತೆ ಬಟ್ಟಲಿಗೆ ಉಗುಳು. ನಡುವೆ ಒಣರೊಟ್ಟಿಯ ಚೂರು. "ಇದು ಇನ್ನ ಹಸಿ ಐತಿ. ಇದು ಹುಳಿಗಿ ತಿರುಗೈತಿ, ಚೆಲ್ಲು. ಇದಕ್ಕ ಎಂಟು ದಿವಸ ಕೊಡು." ನಾನು ಕಿಚಾಯಿಸುತ್ತಿದ್ದೆ: "ದೊಡ್ಡವ್ವಾ, ಹೆಂಡದಂಗಡ್ಯಾಗ ಕುಂತವರೂ ಇಷ್ಟು ನಮೂನಿ ನೋಡಿರಂಗಿಲ್ಲ ನೋಡು."

"ಅವ್ರು ನುಂಗ್ತಾರ ಬೇ," ಎನ್ನುತ್ತಿದ್ದಳು. "ನಾ ಉಗುಳ್ತೀನಿ. ನಂದು ಎಂಥಾ ಹಣೇಬರಾ."

ನಗುತ್ತಲೇ ಹೇಳುತ್ತಿದ್ದಳು. ಆದರೆ ಆ ನಾಲಿಗೆಗೆ ಮನೆಮಂದಿಯೆಲ್ಲ ಕಾವಲಿದ್ದರು. ಖಾರ ಕೂಡದು, ಚಹಾ ಕೂಡದು, ಉಪ್ಪಿನಕಾಯಿ, ಎಲೆಅಡಿಕೆ ಯಾವುದೂ ಕೂಡದು. ಎಲ್ಲರ ತಾಟಿನಲ್ಲಿ ಕೆಂಪು ಚಟ್ನಿ, ಆಕೆಯದರಲ್ಲಿ ಹಾಲು ರೊಟ್ಟಿ. ಪಾಮನಕಲ್ಲೂರಿನಲ್ಲಿದ್ದ ತನ್ನ ತಂಗಿಯ ಮನೆಗೆ ಹೊರಟರೂ, "ಇವತ್ತ ಹೋಗಿ ಇವತ್ತ ಬಾ ಅಕ್ಕ, ನಾಳಿಗೆ ಜಾಡಿ ತೆಗೀಬೇಕು" ಎನ್ನುವರು ಪಂಡಿತರು. ಯಾವ ವಾರವೂ ಯಾವುದೋ ಒಂದು ಜಾಡಿ ಇದ್ದೇ ಇರುತ್ತಿತ್ತು… ತಂಗಿಯ ಮನೆಯಲ್ಲಿ ಆಕೆ ಒಂದು ರಾತ್ರಿಯಾದರೂ ಮಲಗಿದ್ದನ್ನು ನಾನು ಕೇಳಿರಲಿಲ್ಲ.

ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಓಡಾಡಿದ ವರ್ಷ ನಮ್ಮ ಓಣಿಗೂ ಆ ಜ್ವರ ಬಂತು. ಮನೆಮನೆಯಲ್ಲೂ ರುಚಿ ಹೋಯಿತು, ತಿಂಗಳೊಳಗೆ ಬಂತು. ದೊಡ್ಡವ್ವನದು ಮಾತ್ರ ಬರಲಿಲ್ಲ. ಜ್ವರಕ್ಕೆ ಮುಂಚೆ ಹೂತಿದ್ದ ಜಾಡಿಗಳನ್ನು ತೆಗೆದು, ಕಡೆಯ ಜಾಡಿಯವರೆಗೂ, ಪಂಡಿತರು ಚಮಚ ಹಿಡಿದು ಎದುರಿಗೆ ಕೂತರೆ, "ನೀರು ಕುಡಿದಂಗ ಆಗತೈತಿ" ಎನ್ನುತ್ತಿದ್ದಳು. ಅವರು ಗೊತ್ತಿದ್ದ ಚೂರ್ಣವನ್ನೆಲ್ಲ ಕೊಟ್ಟು ನೋಡಿದರು. ಕೊನೆಗೆ ಜಾಡಿ ಹೂಳುವುದನ್ನೇ ಬಿಟ್ಟು, ಕಂಪನಿಯ ಬಾಟಲಿ ತರಿಸಿ ಮಾರತೊಡಗಿದರು. ದೊಡ್ಡವ್ವ ಪಾಮನಕಲ್ಲೂರಿಗೆ ಹೋಗಿ ಪೂರಾ ಒಂದು ತಿಂಗಳು ಇದ್ದು ಬಂದಳು.

ಬಂದ ಮೇಲೆ ಒಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದಳು. ಗುರೆಳ್ಳು ಹುರಿದು ಪುಡಿ ಹಾಕಿ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೆ. ಒಂದು ತುತ್ತು ಇಟ್ಟುಕೊಂಡು, "ಗುರೆಳ್ಳು ಸೀದೈತಿ ನೋಡು ತಂಗಿ" ಎಂದಳು.

ಹೌದು, ಸೀದಿತ್ತು. ನಾನು ಆಕೆಯ ಮುಖ ನೋಡಿದೆ.

ಆಕೆ ಕೈಯ ತುತ್ತನ್ನು ತಾಟಿಗಿಟ್ಟಳು. "ಕೈ ಮುಗೀತೀನಿ, ಎಲ್ಲೂ ಬಾಯಿ ಬಿಡಬ್ಯಾಡ. ಆ ಕಡೀ ಜಾಡಿ ಐತೆಲ್ಲ… ಅಂಥಾದ್ದು ನನ್ನ ಜನ್ಮದಾಗ ನಾಲಿಗಿಗೆ ಬಂದಿದ್ದಿಲ್ಲ. ಮಾರಿ ಸಪ್ಪಗ ಮಾಡಿಕೊಂಡು ಉಗುಳಿದೆ."

ತಾಟನ್ನು ನನ್ನ ಕಡೆ ಸರಿಸಿ ಕೇಳಿದಳು: "ಕೆಂಪು ಚಟ್ನಿ ಐತೇನು?"

ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು ಎರಡು ರೊಟ್ಟಿ ತಿಂದಳು. ಅಂದಿನಿಂದ ನಮ್ಮ ಖಾರದ ಡಬ್ಬಿಯಲ್ಲಿ ಆಕೆಗೂ ಪಾಲು.

ಅದು ಬಿಡುಗಡೆ ಎಂದೇ ನಾನೂ ತಿಳಿದಿದ್ದೆ. ಒಂದು ದಿನ ಪಾತ್ರೆ ಹಿಂದಿರುಗಿಸಲು ಹೋದೆ. ದೊಡ್ಡವ್ವ ಊಟಕ್ಕೆ ಕೂತಿದ್ದಳು. ಬಾಗಿಲಲ್ಲೇ ನನ್ನ ಮೂಗಿಗೆ ಹಳಸಿದ ಬೇಳೆಯ ವಾಸನೆ ಬಡಿಯಿತು. ಪಂಡಿತರ ಹೆಂಡತಿ ಕೆಟ್ಟವಳೇನಲ್ಲ, ಏನನ್ನೂ ಚೆಲ್ಲಿ ಗೊತ್ತಿಲ್ಲದ ಹೆಂಗಸು. "ನಿನ್ನೇದು ಉಳಿದಿತ್ರೀ," ಎಂದು ನನಗೆ ಹೇಳಿದಳು. "ನಮಗಾದ್ರ ಗಂಟಲದಾಗ ಇಳಿಯಂಗಿಲ್ಲ. ಅಕ್ಕಗ ಹೆಂಗೂ ತಿಳಿಯಂಗಿಲ್ಲಲ್ಲ."

ಊರಿನ ಅತಿ ಸೂಕ್ಷ್ಮ ನಾಲಿಗೆಯ ಆ ಹೆಂಗಸು ಅನ್ನಕ್ಕೆ ಆ ಬೇಳೆ ಕಲಸಿ, ಮುಖದ ಒಂದು ಗೆರೆಯೂ ಅಲುಗದಂತೆ ಉಣ್ಣುತ್ತಿದ್ದಳು. ನಾನು ಬಾಯಿ ತೆರೆದೆ. ಆಕೆ ತಲೆಯೆತ್ತಿ ನೋಡಿದಳು. "ಪಾತ್ರಿ ತಂದೀನ್ರಿ" ಎಂದಷ್ಟೇ ಹೇಳಿ ಬಂದುಬಿಟ್ಟೆ.

ಮರುದಿನ ಕೇಳಿದೆ: "ರುಚಿ ತಿರುಗಿ ಬಂತು ಅಂದುಬಿಡು ದೊಡ್ಡವ್ವಾ."

"ಅಂದ್ರ ನಾಳಿಗೇ ಜಾಡಿ ಹೂಳ್ತಾನ. ಬರೇ ಜಾಡಿ ಅಲ್ಲ ತಂಗಿ, ನನ್ನೂ."

ಮೂರು ವರ್ಷ ಹಾಗೆಯೇ ಉಂಡಳು. ಉಪ್ಪಿಲ್ಲದ್ದು, ಸೀದದ್ದು, ಹುಳಿತದ್ದು… ಹಾಸಿಗೆ ಹಿಡಿದ ಮೇಲೆ ನಮ್ಮ ಮನೆಗೆ ಬರುವುದೂ ನಿಂತಿತು. ನಾನು ರೊಟ್ಟಿಯ ಮಡಿಕೆಯಲ್ಲಿ ಚಟ್ನಿ ಸವರಿ ಒಯ್ಯುತ್ತಿದ್ದೆ. ದಿನಾ ಒಯ್ಯಲಾಗಲಿಲ್ಲ. ಹೋದ ವರ್ಷ ಬೇಸಿಗೆಯಲ್ಲಿ ತೀರಿಕೊಂಡಳು.

ಈಗ ಬಾಟಲಿ ನನ್ನ ಎದುರಿಗಿತ್ತು. ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಮೊದಲು ಸಿಹಿ, ಆಮೇಲೆ ತುಸು ಒಗರು, ಆಮೇಲೆ ಎದೆಯವರೆಗೆ ಮೆಲ್ಲಗೆ ಇಳಿಯುವ ಬಿಸಿ. ನುಂಗಿದ ಎಷ್ಟೋ ಹೊತ್ತಿನ ಮೇಲೂ ದ್ರಾಕ್ಷಿ ಬಾಯಲ್ಲೇ ಇತ್ತು. ನನ್ನಂಥವಳಿಗೂ ತಿಳಿಯುವಷ್ಟು ಚೆನ್ನಾಗಿತ್ತು.

ಸಂಜೆ ಪಂಡಿತರು ಬಂದು ಕಟ್ಟೆಯ ಮೇಲೆ ಕೂತರು. ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿದರು. ಆಮೇಲೆ, "ಅಕ್ಕ ಹೋಗೋ ದಿವಸ ಇದನ್ನ ಒಂದು ಚಮಚ ಬಾಯಾಗ ಬಿಟ್ಟಿದ್ದೆ" ಎಂದರು. "ಜನ್ಮ ಪೂರಾ ಉಗುಳಿದಾಕಿ, ಅವತ್ತು ನುಂಗಿದಳು. ಕಣ್ಣು ಮುಚ್ಚಿ, ಒಂದು ಗಳಿಗಿ ಹಿಡಿದು, ನುಂಗಿದಳು…" ನನ್ನ ಮುಖವನ್ನೇ ನೋಡುತ್ತ ಕೇಳಿದರು: "ಚಲೋ ಐತೇನ್ರಿ ಇದು? ಆಕಿಗೆ ತಿಳಿದಿತ್ತೇನು?"

ನಾನು ಸೆರಗಿನಿಂದ ಬಾಯಿ ಒರೆಸಿಕೊಂಡೆ.

"ನನಗೇನು ತಿಳೀತೈತ್ರಿ ಪಂಡಿತರ," ಎಂದೆ. "ನೀರು ಕುಡಿದಂಗ ಆತು."

ಅವರು ಎದ್ದು ಹೋದರು. ಬಾಟಲಿಯನ್ನು ಬಿಟ್ಟೇ ಹೋದರು. ಅದನ್ನು ಖಾರದ ಡಬ್ಬಿಯ ಪಕ್ಕ ಇಟ್ಟಿದ್ದೇನೆ.