ಬಿಲ್ಲುಗಾತಿಯನ್ನು ಉಳಿಸಿಕೊಂಡ ವೈನಿ

ರಾಯಬಾಗದ ರಸ್ತೆಯಲ್ಲಿ ಸ್ಕೂಟಿ ಜಾರಿ ನನ್ನ ಬಲ ಮುಂಗೈ ಮುರಿದಾಗ ಕಬ್ಬಿನ ಹಂಗಾಮು ನಡೆದಿತ್ತು. ಟ್ರ್ಯಾಕ್ಟರಿನಿಂದ ಬಿದ್ದ ಕಬ್ಬಿನ ಮೇಲೆ ಗಾಲಿ ಹತ್ತಿತ್ತು, ಅಷ್ಟೇ. ಅಥಣಿಯ ಡಾಕ್ಟರು ಆರು ವಾರ ಪ್ಲಾಸ್ಟರ್ ಎಂದರು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನಗೆ ಶಾಲೆ ತಪ್ಪಿದ್ದಕ್ಕಿಂತ ಇನ್ನೊಂದು ಚಿಂತೆ ದೊಡ್ಡದಾಗಿತ್ತು. ಕಾಲೇಜಿನ ದಿನಗಳಿಂದ ಆಡುತ್ತ ಬಂದಿದ್ದ ಕಂಪ್ಯೂಟರ್ ಆಟವೊಂದರ ಮೂರನೆಯ ಭಾಗ ಅರ್ಧಕ್ಕೇ ನಿಂತಿತ್ತು.

ಮಾಟಗಾರರೂ ಹಾಳು ಕೋಟೆಗಳೂ ಇರುವ ಲೋಕದ ಆಟ ಅದು. ನಾವು ಯೋಧೆಯಾಗಿ ನಾಲ್ಕು ಜನ ಸಂಗಾತಿಗಳನ್ನು ಕಟ್ಟಿಕೊಂಡು ಹೊರಡುತ್ತೇವೆ. ಯಾರನ್ನು ನಂಬಬೇಕು, ಯಾರನ್ನು ಬಿಡಬೇಕು ಎಂದು ನಾವೇ ಆರಿಸಬೇಕು. ಆರಿಸಿದ್ದರ ಫಲ ಮುಂದಿನ ಭಾಗದವರೆಗೂ ಬೆನ್ನು ಬಿಡುವುದಿಲ್ಲ.

ನನ್ನ ಅಣ್ಣನ ಹೆಂಡತಿ, ನಮ್ಮ ವೈನಿ, ಮೀರಜ ಕಡೆಯ ಮರಾಠಿ ಮನೆಯವರು. ಮದುವೆಯಾಗಿ ಎರಡು ವರ್ಷವಾಗಿದ್ದರೂ ಊಟ, ನೀರಿನ ಮಾತು ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೆ ಮಾತಿರಲಿಲ್ಲ. ಹಿಂದಿನ ವರ್ಷ ನಮ್ಮ ತೋಟದ ದ್ರಾಕ್ಷಿ ಕಟಾವಿನ ನಡುವೆಯೇ ಅವರು ಯಾರಿಗೂ ಹೇಳದೆ ತವರಿಗೆ ಹೋಗಿ, ಮೂರು ದಿನ ಬಿಟ್ಟು ಬಂದಿದ್ದರು. ಆಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದವಳು ನಾನು. ಅವರು ತಲೆ ತಗ್ಗಿಸಿ ಕೇಳಿಸಿಕೊಂಡಿದ್ದರು.

ಒಂದು ಮಧ್ಯಾಹ್ನ ಎಡಗೈಯಲ್ಲಿ ಮೌಸ್ ಹಿಡಿದು ಒದ್ದಾಡುತ್ತಿದ್ದೆ. ಅರಿವೆ ಮಡಚುತ್ತಿದ್ದ ವೈನಿ ನೋಡಿದರು. ಗಂಡನ ತಂಗಿಯನ್ನು ಅವರ ಕಡೆ 'ವನ್ಸ' ಎನ್ನುತ್ತಾರೆ.

"ವನ್ಸ, ನಾ ಹಿಡೀಲೇನ್ರಿ? ನೀವು ಹೇಳ್ರಿ, ನಾ ಒತ್ತತೀನಿ."

ಅಂದಿನಿಂದ ನಾನು ಇಂಗ್ಲಿಷ್ ಓದಿ ಹೇಳುವುದು, ಅವರು ಆಡುವುದು. ನನಗೆ ಯಾವಾಗಲೂ ಯುದ್ಧಕ್ಕೆ ಅವಸರ. ಅವರು ಮಾತ್ರ ಶಿಬಿರದಲ್ಲಿ ಪ್ರತಿಯೊಬ್ಬ ಸಂಗಾತಿಯನ್ನೂ ಮಾತಾಡಿಸದೆ ಹೆಜ್ಜೆ ಕೀಳುತ್ತಿರಲಿಲ್ಲ. ಕೋಟೆಯ ಕಪಾಟಿನಲ್ಲಿ ಸಿಗುತ್ತಿದ್ದ ಹಳೆಯ ಪುಸ್ತಕಗಳನ್ನು ಅಷ್ಟು ವರ್ಷ ನಾನು ತೆರೆದೇ ನೋಡಿರಲಿಲ್ಲ. ಅವನ್ನೂ ಓದಿಸಿಕೊಂಡರು.

"ಇವರ ಮಂದಿ ಎಲ್ಲಿಂದ ಬಂದಾರ, ಹೆಂಗ ಬಾಳ್ಯಾರ ಅಂತ ಗೊತ್ತಾಗಬೇಕಲ್ರಿ."

ಮೂರನೆಯ ವಾರ ನಮ್ಮ ಸಂಗಾತಿಗಳಲ್ಲಿ ಒಬ್ಬಳಾದ ಬಿಲ್ಲುಗಾತಿ ಶತ್ರುಗಳಿಗೆ ಕೋಟೆಯ ಬಾಗಿಲು ತೆಗೆದಳು. ಏನು ಮಾಡಬೇಕೆಂದು ಆಟ ನಮ್ಮನ್ನು ಕೇಳಿತು.

"ಹೊರಗ ಹಾಕ್ರಿ," ಎಂದೆ.

ವೈನಿಯ ಕೈ ಅಲುಗಲಿಲ್ಲ. "ಕೆಳಗ ಇನ್ನೊಂದು ಸಾಲು ಐತಿ. ಏನದು?"

ನಾನು ಓದಿರಲೇ ಇಲ್ಲ. ಯಾಕೆ ಹೀಗೆ ಮಾಡಿದೆ ಎಂದು ಅವಳನ್ನು ಕೇಳುವ ಸಾಲು ಅದು. ವೈನಿ ಅದನ್ನೇ ಒತ್ತಿದರು. ಬಿಲ್ಲುಗಾತಿಯ ತಂಗಿ ಶತ್ರುಗಳ ಸೆರೆಯಲ್ಲಿದ್ದಳು. ಅವಳ ಕುಲದಲ್ಲಿ ಒಡಹುಟ್ಟಿದವರ ಕಷ್ಟವನ್ನು ಹೊರಗಿನವರ ಮುಂದೆ ಆಡುವಂತಿಲ್ಲ ಎಂದು ಹಿಂದಿನ ವಾರವಷ್ಟೇ ಒಂದು ಪುಸ್ತಕದಲ್ಲಿ ಓದಿದ್ದೆವು. ವೈನಿ ಅವಳನ್ನು ಉಳಿಸಿಕೊಂಡರು.

ನಾನು ಕೇಳಿಯೇಬಿಟ್ಟೆ. "ವೈನಿ, ಹೋದ ವರ್ಷ ತವರಿಗೆ ಯಾಕ ಹೋಗಿದ್ರಿ?"

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ತಂಗಿಗೆ ಏಳನೇ ತಿಂಗಳದಾಗ ಕೂಸು ಹೋತ್ರಿ. ಯಾರ ಮುಂದೂ ಹೇಳಬ್ಯಾಡ ಅಂತ ಆಣಿ ಮಾಡಿಸಿಕೊಂಡಿದ್ಲು. ಈಗ ಆಕೀನ ಎಲ್ಲಾರ ಮುಂದ ಹೇಳತಾಳ, ಅದಕ್ಕ ಹೇಳಿದೆ."

"ನಾ ಆವಾಗ ಭಾಳ ಮಾತಾಡಿದೆ. ತಪ್ಪಾತ್ರಿ."

"ಬೈದದ್ದು ಏನೂ ಅನಸಲಿಲ್ರಿ. ಒಬ್ಬರೂ ಯಾಕಂತ ಕೇಳಲಿಲ್ಲ. ಅದು ಮನಸಿಗೆ ಹತ್ತಿತ್ತು." ಅಷ್ಟು ಹೇಳಿ ಚಹಾ ಇಡಲು ಎದ್ದರು.

ಅವರ ಒಪ್ಪಿಗೆ ಪಡೆದು ಸಂಜೆ ಅವ್ವನಿಗೆ ಹೇಳಿದೆ. ಅವ್ವ ಅಡುಗೆ ಮನೆಗೆ ಹೋಗಿ ವೈನಿಯ ಪಕ್ಕದಲ್ಲಿ ಕೂತು, ಬೇಕಾಗಿದ್ದಕ್ಕಿಂತ ಎಷ್ಟೋ ಹೆಚ್ಚು ಬೆಳ್ಳುಳ್ಳಿ ಸುಲಿದಳು.

ಬಿಲ್ಲುಗಾತಿ ಕೊನೆಯ ಯುದ್ಧದಲ್ಲಿ ದೊಡ್ಡ ಸಾಹಸವನ್ನೇನೂ ಮಾಡಲಿಲ್ಲ. ಬದುಕಿ ಉಳಿದಳು. ವೈನಿಗೆ ಅಷ್ಟೇ ಸಾಕಾಗಿತ್ತು. ಆ ಮಧ್ಯಾಹ್ನಗಳು ಸಿಗದೇ ಹೋಗಿದ್ದರೆ ನಾವಿಬ್ಬರೂ ಒಂದೇ ಸೂರಿನಡಿ ದೂರದವರಾಗಿಯೇ ಮುದುಕಿಯರಾಗುತ್ತಿದ್ದೆವೇನೋ. ಅವನ್ನು ಕೊಟ್ಟ ವೈನಿಗೆ ನಾನು ಬಾಯಿಬಿಟ್ಟು ಥ್ಯಾಂಕ್ಸ್ ಹೇಳಿಲ್ಲ. ನಮ್ಮ ಮನೆಗಳಲ್ಲಿ ಆ ರೂಢಿ ಇಲ್ಲ.

ಈ ಸಲ ದ್ರಾಕ್ಷಿ ಕಟಾವಿಗೆ ಮುಂಚೆ ಇಬ್ಬರೂ ಕಾಗವಾಡದ ಮೇಲೆ ಹಾದು ಮೀರಜಕ್ಕೆ ಹೋಗಿ ಅವರ ತಂಗಿಯ ಮನೆಯಲ್ಲಿ ಮೂರು ದಿನ ಇದ್ದು ಬಂದೆವು. ಬಾಗಿಲು ತೆಗೆದ ಆ ತಂಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಆಟ ಆಡುವ ವನ್ಸ ನೀವೇನಾ ಎಂದು ಮರಾಠಿಯಲ್ಲಿ ಕೇಳಿದಳು. ಹೌದೆಂದೆ. ಕೈಹಿಡಿದು ಒಳಗೆ ಕರೆದುಕೊಂಡಳು.