ಅತ್ತೆಯನ್ನು ಕರೆದದ್ದು ಹೌದೋ ಅಲ್ಲವೋ

ಕಾಪುವಿನ ಅತ್ತೆಯನ್ನು ನಾನು ಮದುವೆಗೆ ಕರೆಯಲೇ ಇಲ್ಲ ಎಂದು ನಮ್ಮ ಬಳಗದಲ್ಲಿ ಎಲ್ಲರೂ ಹೇಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಮದುವೆ ಕಾಗದ ಅವರ ಟಿ.ವಿ. ಸ್ಟ್ಯಾಂಡಿನ ಮೇಲಿದೆ, ಕರೆದ ಮಾತು ನನ್ನ ಮೊಬೈಲಿನಲ್ಲಿದೆ. ಇಷ್ಟು ಸಾಕ್ಷಿ ಇಟ್ಟುಕೊಂಡು ನಾನು ಯಾವ ಚರ್ಚಾಸ್ಪರ್ಧೆಯಲ್ಲೂ ಸೋತದ್ದಿಲ್ಲ.

ಅಕ್ಕನ ಮದುವೆ ಕಾರ್ಕಳದಲ್ಲಿ ಎಂದು ನಿಶ್ಚಯವಾಗಿತ್ತು. ಅಪ್ಪನ ತಂಗಿಯಾದ ಈ ಅತ್ತೆಯನ್ನು ಕರೆಯುವ ಕೆಲಸ ನನ್ನ ಪಾಲಿಗೆ ಬಂತು. ಆಗ ನಾನು ಮಣಿಪಾಲದಲ್ಲಿ ಭಾಷಾವಿಜ್ಞಾನ ಓದುತ್ತಿದ್ದೆ. ಆಜ್ಞೆ ಮಾಡಲು, ಬೇಡಲು, ಆಮಂತ್ರಿಸಲು ಕನ್ನಡದ ಕ್ರಿಯಾಪದ ಯಾವ ಯಾವ ರೂಪ ತಾಳುತ್ತದೆ ಎಂಬುದು ನನ್ನ ಪ್ರಬಂಧದ ವಿಷಯ. ಒಂದೇ ಓಡಾಟದಲ್ಲಿ ಎರಡೂ ಕೆಲಸ ಮುಗಿಯಲಿ ಎಂದು ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ ಅತ್ತೆಯೆದುರು ಇಟ್ಟೆ.

“ಅತ್ತೆ, ಕನ್ನಡದಲ್ಲಿ ಮದುವೆಗೆ ಕರೆಯುವುದಾದರೆ ಎಂತ ಹೇಳುವುದು?”

“ಮನೆಮಂದಿಯೆಲ್ಲ ಮುಂಚಿತವಾಗಿ ಬಂದು ಸುಧಾರಿಸಿಕೊಡಬೇಕು.”

ನಾನೂ ಮೊಬೈಲಿನತ್ತ ಬಾಗಿ ಅದನ್ನೇ ಸ್ಪಷ್ಟವಾಗಿ ಹೇಳಿದೆ. ಈ ‘ಬೇಕು’ ಸಾಹೇಬರ ಬಾಯಲ್ಲಿ ಆಜ್ಞೆ, ನೆಂಟರ ಬಾಯಲ್ಲಿ ಮರ್ಯಾದೆ. ಚೆಂದದ ಉದಾಹರಣೆ ಸಿಕ್ಕಿತು, ಕರೆದದ್ದೂ ಆಯಿತು ಎಂದುಕೊಂಡು ಕಾಗದ ಇಟ್ಟು ಹೊರಟೆ.

ಕೆಲವು ದಿನ ಕಳೆದು ಅಕ್ಕ ಫೋನ್ ಮಾಡಿದರೆ ಅತ್ತೆ, “ನನ್ನನ್ನು ಯಾರು ಕರೆದದ್ದು?” ಎಂದರಂತೆ. ಅಕ್ಕನ ಜಡೆಗೆ ಸಣ್ಣಂದಿನಿಂದ ಮಲ್ಲಿಗೆ ಮುಡಿಸಿದವರು ಅವರು. “ಅತ್ತೆ ಬಾರದಿದ್ದರೆ ನಿನ್ನ ಪ್ರಬಂಧವನ್ನು ಒಲೆಗೆ ಹಾಕ್ತೇನೆ,” ಎಂದು ಅಕ್ಕ ಅಳುತ್ತಲೇ ಬೈದಳು. ಮತ್ತೆ ಕಾಪುವಿನ ಬಸ್ಸು ಹತ್ತಿದೆ.

ರೆಕಾರ್ಡಿಂಗ್ ಕೇಳಿಸಿದೆ. ನಮ್ಮ ಮನೆಮಾತು ತುಳು; ಅತ್ತೆ ಅದರಲ್ಲಿ ಬೈದದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅದು ನೀನು ಮೊಬೈಲಿಗೆ ಹೇಳಿದ್ದು. ಮದುವೆಗೆ ಮೊಬೈಲೇ ಬರಲಿ, ಎಲೆ ಹಾಕಿ ಬಡಿಸು.”

“‘ಬೇಕು’ ಎಂದಿದ್ದೇನಲ್ಲ ಅತ್ತೆ, ಎಷ್ಟು ಸ್ಪಷ್ಟವಾಗಿ!”

“ಕನ್ನಡದಲ್ಲಿ! ಸ್ವಂತ ಅತ್ತೆಯನ್ನು ಯಾರಾದರೂ ಕನ್ನಡದಲ್ಲಿ ಕರೀತಾರಾ? ನಾನೆಂತ ಬ್ಯಾಂಕ್ ಮ್ಯಾನೇಜರಾ?”

ಪೇಪರಿನ ಹಿಂದಿನಿಂದ ಮಾವ, “ಅವಳ ಸೀರೆಗೆ ಫಾಲ್ಸ್ ಹಾಕಿಸಿ ಆಗಿದೆ ಮಾರಾಯ,” ಎಂದರು. ಅತ್ತೆ ನೋಡಿದ ನೋಟಕ್ಕೆ, ಇಳಿದಿದ್ದ ಪೇಪರ್ ಮತ್ತೆ ಮೇಲೇರಿತು.

ನನ್ನ ಬಳಿ ಇನ್ನೂ ವಾದವಿತ್ತು. ಆದರೆ ಎದುರಾಳಿಯೂ ತೀರ್ಪುಗಾರರೂ ಒಬ್ಬರೇ ಆದ ಸ್ಪರ್ಧೆಯಲ್ಲಿ ಅಂಕ ಎಲ್ಲಿಂದ ಬರಬೇಕು? ಎದ್ದು ನಿಂತೆ. ಅತ್ತೆಯ ಮುಖ ನೋಡಿ ತುಳುವಿನಲ್ಲೇ, “ಮದಿಮೆಗ್ ಬರೊಡು,” ಎಂದೆ. ಮದುವೆಗೆ ಬರಬೇಕು.

“ತೂಕ,” ಎಂದರು ಅತ್ತೆ. ತುಳುವಿನಲ್ಲಿ ಅದು ‘ನೋಡೋಣ’. ವ್ಯಾಕರಣದ ಪ್ರಕಾರ ಅದರಲ್ಲಿ ನಾನೂ ಸೇರಿದ್ದೇನೆ, ಇಬ್ಬರೂ ಕೂಡಿಯೇ ನೋಡಬೇಕು. ಅತ್ತೆ ಒಬ್ಬರೇ ಒಳಗೆ ಹೋದರು.

ನಾನು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು ಕೇಳಿದೆ: “ಅತ್ತೆ, ಅಕ್ಕನಿಗೆ ನಾನೀಗ ಎಂತ ಹೇಳಲಿ? ಬರ್ತೀರಾ, ಇಲ್ವಾ?”