ಅಕ್ಕನ ಸೂಜಿಡಬ್ಬಿ ಮತ್ತು ನಾಲ್ಕು ಚೌಕ

ಇಂಗ್ಲಿಷಿನಲ್ಲಿ 'ಎಟ್ವೀ' (etui) ಎಂದೊಂದು ಪದವಿದೆ. ದೊಡ್ಡಬಳ್ಳಾಪುರದ ಮಕ್ಕಳಿಗೆ ಇಂಗ್ಲಿಷ್ ಕಲಿಸಿಯೇ ತಲೆ ನರೆಸಿಕೊಂಡ ನಾನು ಅದನ್ನು ಒಮ್ಮೆಯೂ ಬಾಯಿಬಿಟ್ಟು ಆಡಿದವಳಲ್ಲ. ಬರೆದದ್ದಕ್ಕೆ ಮಾತ್ರ ಲೆಕ್ಕವಿಲ್ಲ. ಅದೂ ಪತ್ರಿಕೆಯ ಪದಬಂಧದ ಚೌಕಗಳಲ್ಲಿ. ಸೂಜಿ, ಕತ್ತರಿಯಂಥ ಸಣ್ಣ ಸಾಮಾನು ಇಡುವ ಅಂದದ ಪುಟ್ಟ ಪೆಟ್ಟಿಗೆ ಎಂದು ಅದರ ಅರ್ಥ. ಫ್ರೆಂಚಿನಿಂದ ಬಂದ ಪದ. ಹಿಂದೆ ಅಲ್ಲಿನ ಸಿರಿವಂತ ಹೆಂಗಸರು ಸೊಂಟಕ್ಕೆ ತೂಗುಹಾಕಿಕೊಳ್ಳುತ್ತಿದ್ದರಂತೆ. ಈಗ ಪೆಟ್ಟಿಗೆ ಕಂಡವರಿಲ್ಲ, ಪದ ಉಳಿದಿದೆ. ನಾಲ್ಕಕ್ಷರದಲ್ಲಿ ಮೂರು ಸ್ವರ ಇಟ್ಟುಕೊಂಡಿರುವುದೇ ಅದರ ಪುಣ್ಯ. ಪದಬಂಧ ಹೆಣೆಯುವವರು ಮೂಲೆಯಲ್ಲಿ ಸಿಕ್ಕಿಬಿದ್ದಾಗ, ಮದುವೆಯ ಪಂಕ್ತಿಯಲ್ಲಿ ಒಂದು ಎಲೆ ಖಾಲಿ ಉಳಿದರೆ ಹತ್ತಿರ ನಿಂತವರನ್ನೇ ಕೈಹಿಡಿದು ಕೂರಿಸುವ ಹಾಗೆ, ಇದನ್ನು ಕೂರಿಸಿಬಿಡುತ್ತಾರೆ.

ನಿನ್ನೆ ಬೆಳಿಗ್ಗೆ ಅದು ಮತ್ತೆ ಬಂತು. ಹಿಂದಿನ ಬೀದಿಯ ಮಗ್ಗಗಳು ಆಗಲೇ ಸದ್ದು ಶುರುಮಾಡಿದ್ದವು. ಜಗುಲಿಯಲ್ಲಿ ನನ್ನ ಪಕ್ಕ ಅಕ್ಕ ಕೂತಿದ್ದಳು. ತೂಬಗೆರೆಯಲ್ಲಿದ್ದವಳನ್ನು ಲಕ್ವ ಹೊಡೆದ ಮೇಲೆ ನಾನೇ ಕರೆತಂದಿದ್ದೇನೆ. ಮಾತು ಉಳಿದಿದೆ, ಬಲಗೈ ಸೋತಿದೆ. ಬೆರಳಿಗೆ ಕೆಲಸ ಕೊಡಿ, ಚೇತರಿಸಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರೂ ಅವಳು ಮನಸ್ಸು ಮಾಡಿಲ್ಲ. ನನ್ನನ್ನು ಅದಕ್ಕಿಂತ ಹೆದರಿಸಿದ್ದು ಅವಳ ಹೊಸ ಒಳ್ಳೆಯತನ. ನನ್ನ ಅಡುಗೆಗೆ ಕೊಂಕು ತೆಗೆಯದೆ ತುತ್ತು ಎತ್ತದಿದ್ದವಳು ಈಗ ಉಪ್ಪು ಮರೆತ ಸಾರನ್ನೂ "ಚೆನ್ನಾಗೈತೆ ಬಿಡು" ಎಂದು ಉಣ್ಣುತ್ತಾಳೆ. ಜಗಳವಾಡದ ಅಕ್ಕ ನನಗೆ ಅರ್ಧ ಅಕ್ಕ.

ಅವಳಿಗೂ ಒಂದು ಎಟ್ವೀ ಇದೆ: ಕೆಮ್ಮಿನ ಮಾತ್ರೆಯ ಹಳೆಯ ತಗಡಿನ ಡಬ್ಬಿ. ತೂಬಗೆರೆಯ ಅರ್ಧ ಬೀದಿಯ ರವಿಕೆಗಳ ಹುಕ್ಕು ಅದರಿಂದಲೇ ನಿಂತಿದ್ದವು. ಅದನ್ನು ಹುಡುಕಿ ತಂದು, ಹುಕ್ಕು ಕಿತ್ತ ನನ್ನ ರವಿಕೆಯ ಜೊತೆ ಮುಂದಿಟ್ಟೆ.

"ನನ್ ಕೈಲಿ ಎಲ್ಲಾಯ್ತದೆ? ನೀನೇ ಹಾಕ್ಕೋ," ಎಂದಳು.

ನಮ್ಮಲ್ಲಿ ಸೂಜಿಯನ್ನು ಕೈಯಿಂದ ಕೈಗೆ ಕೊಡುವಂತಿಲ್ಲ, ಕೊಟ್ಟರೆ ಜಗಳವಾಗುತ್ತದೆ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಅಮ್ಮ ಕಲಿಸಿದ ಈ ನೇಮವನ್ನು ನಾವಿಬ್ಬರೂ ಎಂದೂ ಮೀರಿಲ್ಲ, ಜಗಳಕ್ಕೂ ಕಡಿಮೆ ಮಾಡಿಲ್ಲ. ದಾರ ಪೋಣಿಸಿ ಸೂಜಿಯನ್ನು ಜಗುಲಿಯ ಮೇಲಿಟ್ಟೆ. ಅವಳ ಬೆರಳು ಅದರತ್ತ ಹೋದವು, ನುಣುಪು ಕಲ್ಲಿನ ಮೇಲೆ ಜಾರಿದವು, ಮತ್ತೆ ಹೋದವು. ಸೂಜಿ ಮೇಲೇಳಲಿಲ್ಲ. ಅವಳು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ನನಗೆ ಅಳು ಬಂತು. ಸೆರಗು ಸರಿಸಿ, ಸೂಜಿಯನ್ನು ನೇರ ಅವಳ ಬೆರಳ ನಡುವೆ ಇಟ್ಟುಬಿಟ್ಟೆ.

"ಲೇ, ಕೈಗ್ ಕೈ ಕೊಡ್ತಾರೇನೇ? ಜಗಳ ಆಯ್ತದೆ ಕಣೇ!"

"ಆಗ್ಲಿ ಬಿಡಕ್ಕಾ. ಎಷ್ಟ್ ದಿನ ಆಯ್ತು ನಾವ್ ಜಗಳ ಆಡಿ!"

ಅವಳು ನನ್ನನ್ನೇ ನೋಡಿದಳು. ಆಮೇಲೆ ಎಡಗೈಯಿಂದ ರವಿಕೆಯನ್ನು ಮಂಡಿಗೆ ಒತ್ತಿಕೊಂಡು ಸೂಜಿ ಚುಚ್ಚಿದಳು. ಹೊಲಿಗೆ ಸೊಟ್ಟಗೆ ಬಿತ್ತು, ಆದರೆ ಬಿತ್ತು. ಕಣ್ಣು ಕಾಣಿಸಬಾರದೆಂದು ನಾನು ಪತ್ರಿಕೆ ಎತ್ತಿಕೊಂಡು ನಾಲ್ಕು ಚೌಕ ತುಂಬಿಸತೊಡಗಿದೆ. ಇನ್ನೂ ಕೊನೆಯ ಅಕ್ಷರ ಬರೆದಿರಲಿಲ್ಲ.

"ಇಷ್ಟುದ್ದ ದಾರ ಪೋಣಿಸ್ತಾರಾ ಯಾರಾದ್ರೂ? ಊರ್ ಮಕ್ಕಳಿಗೆಲ್ಲ ಪಾಠ ಹೇಳಿದ್ಯಂತೆ! ಮೊನ್ನೆ ಸಾರಲ್ಲೂ ಉಪ್ಪಿರ್ಲಿಲ್ಲ."

ಅಮ್ಮನ ಮಾತು ಸುಳ್ಳಾಗಲಿಲ್ಲ. ಇವತ್ತು ಸಾರಿಗೆ ಬೇಕೆಂದೇ ಒಂದು ಚಿಟಿಕೆ ಉಪ್ಪು ಕಡಿಮೆ ಹಾಕಿದ್ದೇನೆ.